ಲಂಡನ್ ನೋಡಲು ಬಂದವರಿಗೆ: ಯಾವ ಟೂರ್ ಹಿಡಿಯಬೇಕು, ಯಾವುದನ್ನು ಬಿಡಬೇಕು?

ಲಂಡನ್ ಟೂರ್‌ಗಳ ಜಾಹೀರಾತಿನಲ್ಲಿ ಜಾಗಗಳ ಹೆಸರು ದಪ್ಪಕ್ಷರದಲ್ಲಿರುತ್ತದೆ. ಬಸ್ಸಿನಲ್ಲಿ ಎಷ್ಟು ಹೊತ್ತು ಕೂರಬೇಕು ಅನ್ನೋದು ಕೆಳಗೆಲ್ಲೋ ಸಣ್ಣಕ್ಷರದಲ್ಲಿರುತ್ತದೆ, ಕೆಲವು ಸಲ ಅದೂ ಇರಲ್ಲ. ನಾನು ಮೊದಲು ಹುಡುಕೋದು ಅದನ್ನೇ. ಸೀಟಿನ ಮೇಲೆ ಎಷ್ಟು ಗಂಟೆ, ನೆಲದ ಮೇಲೆ ಎಷ್ಟು ಗಂಟೆ? ಈ ಲೆಕ್ಕ ಒಂದು ಗೊತ್ತಾದರೆ ಅರ್ಧ ಟೂರ್‌ಗಳು ತಾವಾಗಿ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಮಗನ ಮನೆಗೋ ಮಗಳ ಮನೆಗೋ ಬಂದಿರುವ ಅಪ್ಪ ಅಮ್ಮ, ನಾಲ್ಕೈದು ದಿನಕ್ಕೆಂದು ಬಂದಿರುವ ಕುಟುಂಬ, ಆಫೀಸ್ ಕೆಲಸಕ್ಕೆ ಬಂದು ಒಂದು ಶನಿವಾರ ಬಿಡುವು ಸಿಕ್ಕವರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮೊದಲು ಊರೊಳಗಿನದ್ದು, ಆಮೇಲೆ ಊರಾಚೆಯದ್ದು.

ಟೂರ್ ಬಸ್ಸೋ, ಕೆಂಪು ಬಸ್ಸೋ?

ಮಹಡಿ ತೆರೆದಿರುವ ಹಾಪ್-ಆನ್ ಹಾಪ್-ಆಫ್ ಬಸ್ಸುಗಳು ಲಂಡನ್ನಿನಲ್ಲಿ ಹಲವು ಕಂಪನಿಗಳವು ಓಡುತ್ತವೆ. ಒಂದು ಟಿಕೆಟ್ ತಗೊಂಡರೆ ದಿನವಿಡೀ ಎಲ್ಲಿ ಬೇಕಾದರೂ ಇಳಿದು ಹತ್ತಬಹುದು, ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ವಿವರಣೆಯೂ ಸಿಗುತ್ತದೆ. ಕೇಳೋಕೆ ಚೆನ್ನಾಗಿದೆ. ತೊಂದರೆ ಬರೋದು ಟ್ರಾಫಿಕ್ಕಿನಿಂದ. ಮಧ್ಯ ಲಂಡನ್ನಿನಲ್ಲಿ ಬಸ್ಸುಗಳು ಎಷ್ಟೋ ಕಡೆ ನಡೆಯುವವರಿಗಿಂತ ನಿಧಾನ. ಎರಡು ಸಲ ಇಳಿದು ಹತ್ತುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಸಂಜೆಯಾಗುತ್ತಿದ್ದಂತೆ ಈ ಬಸ್ಸುಗಳು ನಿಂತೂಹೋಗುತ್ತವೆ.

ಮಾಮೂಲಿ ಕೆಂಪು ಡಬಲ್ ಡೆಕ್ಕರ್ ಅದೇ ರಸ್ತೆಗಳಲ್ಲೇ ಓಡುತ್ತದೆ. 2025ರಲ್ಲಿ ಅದರ ದರ ಒಂದು ಸಲಕ್ಕೆ 1.75 ಪೌಂಡ್. ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ದುಡ್ಡು ಕೊಡಬೇಕಿಲ್ಲ. ದಿನವಿಡೀ ಬಸ್ಸಿನಲ್ಲೇ ಸುತ್ತಿದರೂ 5.25 ಪೌಂಡ್ ದಾಟಲ್ಲ. ಟೂರ್ ಬಸ್ಸಿನ ಟಿಕೆಟ್ ಇದರ ಹಲವು ಪಟ್ಟು. 15ನೇ ನಂಬರ್ ಬಸ್ಸನ್ನು ಟ್ರಫಾಲ್ಗರ್ ಸ್ಕ್ವೇರ್ ಹತ್ತಿರ ಹತ್ತಿ. ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್ ಕೆಥೆಡ್ರಲ್ ದಾಟಿ ಟವರ್ ಆಫ್ ಲಂಡನ್ ತನಕ ಬರುತ್ತದೆ. ಪಶ್ಚಿಮದ ಕಡೆಗಾದರೆ 9ನೇ ನಂಬರ್. ಅದು ಪಿಕಡಿಲಿ, ಹೈಡ್ ಪಾರ್ಕ್ ಕಾರ್ನರ್, ಆಲ್ಬರ್ಟ್ ಹಾಲ್ ಮುಂದೆ ಹಾದುಹೋಗುತ್ತದೆ. ಮಹಡಿಯಲ್ಲಿ ಮುಂದಿನ ಸೀಟು ಸಿಕ್ಕರೆ ಟೂರ್ ಬಸ್ಸಿಗಿಂತ ಏನೂ ಕಡಿಮೆಯಿಲ್ಲ. ಮಳೆ ಬಂದರೆ ನೆನೆಯೋದೂ ಇಲ್ಲ.

ಕೆಂಪು ಬಸ್ಸಿನಲ್ಲಿ 2014ರಿಂದ ನಗದು ನಡೆಯಲ್ಲ. ಕಾರ್ಡ್ ಅಥವಾ ಫೋನ್ ತಾಗಿಸಿ ಹತ್ತಬೇಕು, ಮತ್ತು ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. ಒಂದೇ ಕಾರ್ಡ್ ತಾಗಿಸಿ ನಾಲ್ಕು ಜನ ಹೋಗೋಕಾಗಲ್ಲ. ಬೆಳಗ್ಗೆ ಕಾರ್ಡ್ ತಾಗಿಸಿ, ಮಧ್ಯಾಹ್ನ ಅದೇ ಕಾರ್ಡನ್ನು ಫೋನಿನಿಂದ ತಾಗಿಸಿದರೆ ಯಂತ್ರಕ್ಕೆ ಅವೆರಡೂ ಬೇರೆ ಬೇರೆ ಲೆಕ್ಕ. ಆಗ ದಿನದ ಮಿತಿಯ ಲಾಭ ಸಿಗಲ್ಲ. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಬಸ್ ಪುಕ್ಕಟೆ.

ಹಾಗಾದರೆ ಟೂರ್ ಬಸ್ ಯಾರಿಗೆ ಸರಿ? ಬಂದ ದಿನವೇ, ನಿದ್ದೆಗಣ್ಣಿನಲ್ಲಿ, ಮಂಡಿ ನೋವಿರುವ ಹಿರಿಯರ ಜೊತೆ ಊರಿನ ಒಂದು ಅಂದಾಜು ಸಿಗಲಿ ಅಂತಿದ್ದರೆ ಸರಿ. ಎಲ್ಲೂ ಇಳಿಯದೆ ಒಂದು ಪೂರ್ತಿ ಸುತ್ತು ಹೊಡೆಯಿರಿ. ಇಳಿದು ಹತ್ತೋ ಆಸೆಗೆ ಎರಡು ದಿನದ ಟಿಕೆಟ್ ಮಾತ್ರ ತಗೋಬೇಡಿ.

ದೋಣಿ

ಥೇಮ್ಸ್ ನದಿಯಲ್ಲಿ ಎರಡು ಬಗೆ. ಒಂದು, ಮೈಕಿನಲ್ಲಿ ವಿವರಿಸುತ್ತಾ ನಿಧಾನವಾಗಿ ಹೋಗುವ ಪ್ರವಾಸಿ ದೋಣಿ. ಇನ್ನೊಂದು, ಆಫೀಸಿಗೆ ಹೋಗುವವರೂ ಹತ್ತುವ ಥೇಮ್ಸ್ ಕ್ಲಿಪರ್ಸ್ ದೋಣಿ. ನಾನು ಎರಡನೆಯದರ ಪರ. ಬಸ್ಸಿನ ಹಾಗೆಯೇ ಕಾರ್ಡ್ ತಾಗಿಸಿ ಹತ್ತಬಹುದು. ಆದರೆ ಬಸ್, ಟ್ಯೂಬ್ (ನೆಲದಡಿಯ) ರೈಲಿನ ದಿನದ ಮಿತಿಗೆ ಇದು ಸೇರಲ್ಲ, ಪ್ರತಿ ಸಲಕ್ಕೂ ಬೇರೆ ದುಡ್ಡು.

ವೆಸ್ಟ್‌ಮಿನ್‌ಸ್ಟರಿನಲ್ಲಿ ಹತ್ತಿ ಗ್ರೀನಿಚ್‌ನಲ್ಲಿ ಇಳಿಯಿರಿ. ಮುಕ್ಕಾಲು ಗಂಟೆಯ ಆಸುಪಾಸು. ಪಾರ್ಲಿಮೆಂಟ್, ಲಂಡನ್ ಐ, ಸೇಂಟ್ ಪಾಲ್ಸ್ ಗುಮ್ಮಟ, ಟವರ್ ಬ್ರಿಡ್ಜ್, ಕೆನರಿ ವಾರ್ಫ್ ಎಲ್ಲವೂ ಸಾಲಾಗಿ ಬರುತ್ತವೆ. ನದಿಯ ಮೇಲೆ ಟ್ರಾಫಿಕ್ ಜಾಮ್ ಇಲ್ಲವಲ್ಲ! ಗ್ರೀನಿಚ್‌ನಲ್ಲಿ 1869ರಲ್ಲಿ ಕಟ್ಟಿದ, 'ಕಟ್ಟಿ ಸಾರ್ಕ್' ಅನ್ನೋ ಹೆಸರಿನ ಹಡಗಿದೆ. ಗುಡ್ಡದ ಮೇಲೆ 1675ರಲ್ಲಿ ಶುರುವಾದ ವೀಕ್ಷಣಾಲಯವಿದೆ. ಸೊನ್ನೆ ಡಿಗ್ರಿ ರೇಖಾಂಶ ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಆ ಗೆರೆ ಇರೋದು ಇಲ್ಲೇ. 1884ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಸಭೆಯಲ್ಲಿ ಇದನ್ನೇ ಜಗತ್ತಿನ ಮೂಲ ರೇಖೆ ಅಂತ ಒಪ್ಪಿಕೊಂಡರು. ಆ ಗುಡ್ಡದಿಂದ ಕಾಣುವ ಲಂಡನ್ನಿಗೆ ಟಿಕೆಟ್ಟಿಲ್ಲ.

ವಾಪಸ್ ಬರೋಕೆ ದೋಣಿ ಬೇಡ. ಹಡಗಿನ ಪಕ್ಕದಲ್ಲೇ ಒಂದು ದುಂಡಗಿನ ಚಿಕ್ಕ ಕಟ್ಟಡವಿದೆ. ಅದರೊಳಗೆ ಇಳಿದರೆ 1902ರ ಕಾಲುದಾರಿ ಸುರಂಗ. ನದಿಯ ತಳದಲ್ಲಿ ನಡೆದು ಆಚೆ ದಡಕ್ಕೆ ಹೋಗಬಹುದು, ಪುಕ್ಕಟೆ. ಆಚೆ ದಡದಲ್ಲಿ ಡಿಎಲ್‌ಆರ್ ರೈಲು ಹಿಡಿಯಿರಿ. ಡ್ರೈವರ್ ಕ್ಯಾಬಿನ್ ಇಲ್ಲದ ರೈಲದು. ಮುಂದಿನ ಸೀಟಿನಲ್ಲಿ ಕೂತ ಮಕ್ಕಳು ತಾವೇ ಓಡಿಸುತ್ತಿದ್ದೇವೆ ಅಂದುಕೊಳ್ಳುತ್ತಾರೆ. ದೊಡ್ಡವರೂ ಅಷ್ಟೇ. ಲಂಡನ್ನಿನಲ್ಲಿ ನಿಮಗೆ ಒಂದೇ ಒಂದು ದಿನ ಸಿಕ್ಕಿದ್ದರೆ, ಯಾವ ಟೂರ್ ಕಂಪನಿಯ ಸಹವಾಸವೂ ಇಲ್ಲದೆ ಇದನ್ನೇ ಮಾಡಿ ಅಂತೀನಿ.

ನಡೆದು ನೋಡೋದು

'ಫ್ರೀ ವಾಕಿಂಗ್ ಟೂರ್' ಅನ್ನೋದು ಪೂರ್ತಿ ಫ್ರೀ ಅಲ್ಲ. ಕೊನೆಯಲ್ಲಿ ಗೈಡ್‌ಗೆ ಟಿಪ್ಸ್ ಕೊಡಬೇಕು, ಅವರ ಸಂಪಾದನೆಯೇ ಅದು. ಗುಂಪು ದೊಡ್ಡದಿರುತ್ತದೆ, ಹಿಂದೆ ನಿಂತವರಿಗೆ ಮಾತು ಕೇಳಿಸಲ್ಲ. ಮೊದಲೇ ದುಡ್ಡು ಕೊಟ್ಟು ಹೋಗುವ ಚಿಕ್ಕ ಗುಂಪಿನ ಟೂರ್ ಬಹಳ ಸಲ ಇದಕ್ಕಿಂತ ವಾಸಿ. ಇನ್ನು ಬ್ಲೂ ಬ್ಯಾಡ್ಜ್ ಗೈಡುಗಳು. ಗೈಡ್ ಕೆಲಸಕ್ಕೆ ಬ್ರಿಟನ್ನಿನಲ್ಲಿರುವ ಅತಿ ದೊಡ್ಡ ಅರ್ಹತೆ ಅದು. ಪರೀಕ್ಷೆ ಪಾಸಾಗಿ ಬಂದವರು, ದುಬಾರಿ ಕೂಡ. ಆರೇಳು ಜನ ಸೇರಿ ಅರ್ಧ ದಿನಕ್ಕೆ ಹಂಚಿಕೊಂಡರೆ ದುಡ್ಡಿಗೆ ಮೋಸವಿಲ್ಲ. ಇಬ್ಬರೇ ಇದ್ದರೆ ನಾನಂತೂ ಹೋಗಲ್ಲ.

ಟವರ್ ಆಫ್ ಲಂಡನ್‌ಗೆ ಮಾತ್ರ ಬೇರೆ ಗೈಡ್ ಬೇಕಿಲ್ಲ. ಯೋಮನ್ ವಾರ್ಡರ್ ಅನ್ನುವ ಕಾವಲುಗಾರರೇ ಸುತ್ತಾಡಿಸುತ್ತಾರೆ, ಅದು ಪ್ರವೇಶದ ಟಿಕೆಟ್ಟಿನಲ್ಲೇ ಸೇರಿದೆ. ಕನಿಷ್ಠ 22 ವರ್ಷ ಸೇನೆಯಲ್ಲಿ ಇದ್ದವರಿಗಷ್ಟೇ ಆ ಕೆಲಸ ಸಿಗೋದು. ತಲೆ ಕಡಿದ ಕಥೆಗಳನ್ನು ತಮಾಷೆಯಾಗಿ ಹೇಳುವ ಕಲೆ ಅವರಿಗೆ ಚೆನ್ನಾಗಿ ಸಿದ್ಧಿಸಿದೆ. ಕೊಹಿನೂರ್ ಇರೋದು ಇಲ್ಲೇ, 1937ರಲ್ಲಿ ಮಾಡಿದ ರಾಣಿಯ ಕಿರೀಟದಲ್ಲಿ. ಬಾಗಿಲು ತೆರೆದ ಕೂಡಲೇ ಮೊದಲು ಒಡವೆಗಳ ಕಡೆ ಹೋಗಿ, ಕಥೆ ಆಮೇಲೆ ಕೇಳಿ. ಹನ್ನೊಂದರ ಮೇಲೆ ಆ ಸಾಲು ಉದ್ದವಾಗುತ್ತದೆ.

ಗೈಡೇ ಇಲ್ಲದೆ ನಡೆಯಬಹುದಾದ ದಾರಿ ಅಂದರೆ ನದಿಯ ದಕ್ಷಿಣ ದಂಡೆ. ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಟವರ್ ಬ್ರಿಡ್ಜ್ ತನಕ ಕಾರುಗಳ ಕಾಟವಿಲ್ಲದೆ ಹೋಗಬಹುದು. ನಡುವೆ ಟೇಟ್ ಮಾಡರ್ನ್ ಕಲಾಸಂಗ್ರಹಾಲಯ ಸಿಗುತ್ತದೆ, ಪ್ರವೇಶ ಉಚಿತ, ಟಾಯ್ಲೆಟ್ಟೂ ಚೊಕ್ಕವಾಗಿದೆ. ಅದರ ಎದುರಿಗಿರುವ ಮಿಲೇನಿಯಮ್ ಸೇತುವೆಯನ್ನು 2000ದ ಜೂನ್‌ನಲ್ಲಿ ತೆರೆದಾಗ ಜನ ನಡೆದಂತೆಲ್ಲ ಅದು ಓಲಾಡತೊಡಗಿತು. ಎರಡೇ ದಿನಕ್ಕೆ ಮುಚ್ಚಿ, ಸರಿಮಾಡಿ 2002ರಲ್ಲಿ ಮತ್ತೆ ತೆರೆದರು.

ಪಾರ್ಲಿಮೆಂಟ್ ಕಡೆಯಿಂದ ಅದೇ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಎಡಕ್ಕೆ ಬದಲು ಬಲಕ್ಕೆ, ಅಂದರೆ ನದಿ ಹರಿದು ಬರುವ ಕಡೆಗೆ ತಿರುಗಿದರೆ ಕನ್ನಡಿಗರಿಗೆ ಇನ್ನೊಂದು ದಾರಿಯಿದೆ. ಸೇಂಟ್ ಥಾಮಸ್ ಆಸ್ಪತ್ರೆಯ ಗೋಡೆಯ ಮೇಲೆ ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿಗೆ ಬಿಡಿಸಿರುವ ಸಾವಿರಾರು ಕೆಂಪು ಹೃದಯಗಳು ಕಾಣುತ್ತವೆ. ಅವನ್ನು ದಾಟಿ, ಲ್ಯಾಂಬೆತ್ ಸೇತುವೆಯನ್ನೂ ದಾಟಿ ಮುಂದೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನ ಪ್ರತಿಮೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲ್ ಅವರ ಓಡಾಟದಿಂದ ಬಂದದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಟೂರ್ ಬಸ್ಸುಗಳು ಇಲ್ಲಿ ನಿಲ್ಲಲ್ಲ. ನೀವೇ ನಡೆಯಬೇಕು.

ಊರಾಚೆ: ಒಂದರಲ್ಲಿ ಮೂರು

ಅತಿ ಹೆಚ್ಚು ಮಾರಾಟವಾಗುವ ಒಂದು ದಿನದ ಪ್ರವಾಸ ಅಂದರೆ ರಾಜಮನೆತನದ ಕೋಟೆಯಿರುವ ವಿಂಡ್ಸರ್, ಪುರಾತನ ಕಲ್ಲುಗಳ ಸ್ಟೋನ್‌ಹೆಂಜ್, ರೋಮನ್ನರ ಸ್ನಾನದ ಕೊಳವಿರುವ ಬಾತ್ ಮೂರನ್ನೂ ಸೇರಿಸಿದ್ದು. ಬಾತ್ ಬದಲು ಆಕ್ಸ್‌ಫರ್ಡ್ ಇರುವುದೂ ಉಂಟು. ಬೆಳಗ್ಗೆ ಎಂಟರ ಹೊತ್ತಿಗೆ ಬಸ್ ಹತ್ತಿದರೆ ಸಂಜೆ ಏಳರ ಮೇಲೆ ವಾಪಸ್. ಲೆಕ್ಕ ಹಾಕಿ. ಲಂಡನ್‌ನಿಂದ ವಿಂಡ್ಸರ್‌ಗೆ ಒಂದು ಗಂಟೆ, ಅಲ್ಲಿಂದ ಸ್ಟೋನ್‌ಹೆಂಜ್‌ಗೆ ಒಂದೂವರೆ, ಮತ್ತೆ ಬಾತ್‌ಗೆ ಒಂದು, ಬಾತ್‌ನಿಂದ ಲಂಡನ್ನಿಗೆ ಎರಡೂವರೆಯಿಂದ ಮೂರು. ಟ್ರಾಫಿಕ್ ಇಲ್ಲದಿದ್ದರೂ ಆರು ಗಂಟೆ ಸೀಟಿನ ಮೇಲೆ. ಉಳಿದ ಐದು ಗಂಟೆಯನ್ನು ಮೂರು ಜಾಗಕ್ಕೆ ಹಂಚಿ, ಅದರಲ್ಲಿ ಊಟ, ಟಾಯ್ಲೆಟ್, ಗುಂಪು ಸೇರಲು ಕಾಯುವುದು ಕಳೆದರೆ ಏನು ಉಳಿಯಿತು? ಇದು ಮದುವೆ ಮನೆಗೆ ಹೋಗಿ ಎಲೆ ತುದಿಯ ಉಪ್ಪಿನಕಾಯಿ ನೆಕ್ಕಿ ಎದ್ದ ಹಾಗೆ.

ಸ್ಟೋನ್‌ಹೆಂಜ್ ಪಕ್ಕದಲ್ಲೇ ಹಾದುಹೋಗುವ ಎ303 ರಸ್ತೆ ಅಲ್ಲಿ ಇಕ್ಕಟ್ಟು. ಕಾರಿನಲ್ಲಿ ಹೋಗುವವರು ಕಲ್ಲುಗಳನ್ನು ನೋಡೋಕೆಂದೇ ನಿಧಾನ ಮಾಡುತ್ತಾರೆ, ಬೇಸಿಗೆಯಲ್ಲಿ ಜಾಮ್ ಮಾಮೂಲು. ಸುರಂಗ ಮಾರ್ಗ ಮಾಡುವ ಯೋಜನೆ ಇತ್ತು, 2024ರಲ್ಲಿ ಸರ್ಕಾರ ಕೈಬಿಟ್ಟಿತು. ಹಾಗಾಗಿ ಬಸ್ ಟೂರ್‌ಗಳ ವೇಳಾಪಟ್ಟಿ ಜಾರೋದು ಸಾಮಾನ್ಯವಾಗಿ ಇಲ್ಲೇ, ಮತ್ತು ಕಡಿತ ಬೀಳೋದು ಮುಂದಿನ ಊರಿನ ಸಮಯಕ್ಕೆ.

ಮೂರರ ಬದಲು ಎರಡಿರುವ ಟೂರ್ ಸಿಕ್ಕರೆ ಅದನ್ನು ನೋಡಿ. ಸ್ಟೋನ್‌ಹೆಂಜ್ ಮತ್ತು ಬಾತ್ ಜೋಡಿ ಪರವಾಗಿಲ್ಲ. ಬುಕ್ ಮಾಡೋ ಮುಂಚೆ ಇಷ್ಟನ್ನು ಕೇಳಿ: ಪ್ರವೇಶದ ಟಿಕೆಟ್ ಸೇರಿದೆಯಾ, ಅಥವಾ ಬರೀ ಬಸ್ಸಾ? ಪ್ರತಿ ಜಾಗದಲ್ಲಿ ಎಷ್ಟು ನಿಮಿಷ? ಬಸ್ಸಿನಲ್ಲಿ ಟಾಯ್ಲೆಟ್ ಇದೆಯಾ? ಹೇಳಿದ ಹೊತ್ತಿಗೆ ಬರದಿದ್ದರೆ ಬಸ್ ಹೊರಟೇಹೋಗುತ್ತದೆ, ಹಿರಿಯರು ಜೊತೆಗಿದ್ದರೆ ಆ ಓಟ ಬಹಳ ಸುಸ್ತು ಮಾಡುತ್ತದೆ.

ಒಂದೊಂದೇ ಊರು ಹೋಗುವುದಾದರೆ

ವಿಂಡ್ಸರ್‌ಗೆ ಟೂರ್ ಬಸ್ಸೇ ಬೇಡ. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ರೈಲಿನಲ್ಲಿ ಸ್ಲೌಗೆ ಹೋಗಿ, ಅಲ್ಲಿ ಚಿಕ್ಕ ರೈಲು ಹತ್ತಿದರೆ ಕೋಟೆಯ ಬುಡದಲ್ಲೇ ಇಳಿಸುತ್ತದೆ. ಬದಲಾಯಿಸೋದು ಬೇಡ ಅನ್ನುವವರಿಗೆ ವಾಟರ್‌ಲೂನಿಂದ ನೇರ ರೈಲಿದೆ, ಹೆಚ್ಚುಕಡಿಮೆ ಒಂದು ಗಂಟೆ. ಕೋಟೆಗೆ ಮಂಗಳವಾರ, ಬುಧವಾರ ರಜೆ. ಎರಡನೇ ಎಲಿಜಬೆತ್ ರಾಣಿಯ ಸಮಾಧಿ ಇರುವ ಸೇಂಟ್ ಜಾರ್ಜ್ ಚಾಪೆಲ್ ಭಾನುವಾರ ಪ್ರವಾಸಿಗರಿಗೆ ತೆರೆಯಲ್ಲ. ಅಲ್ಲಿಗೆ ಸೋಮವಾರ, ಗುರುವಾರ, ಶುಕ್ರವಾರ, ಶನಿವಾರ ಉಳಿದವು. ಒಳಗೆ ಗ್ರ್ಯಾಂಡ್ ವೆಸ್ಟಿಬ್ಯೂಲ್ ಅನ್ನೋ ಹಜಾರದಲ್ಲಿ ನಿಧಾನಕ್ಕೆ ನೋಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸಿಂಹಾಸನದಿಂದ ಕಿತ್ತು ತಂದ ಚಿನ್ನದ ಹುಲಿಯ ತಲೆ ಅಲ್ಲಿದೆ. ಕಣ್ಣು, ಹಲ್ಲು ಸ್ಫಟಿಕದವು. ಗುಂಪಿನ ಜೊತೆ ಹೋದವರು ಅದರ ಮುಂದೆಯೇ ನಡೆದುಹೋಗಿರುತ್ತಾರೆ, ಗಮನಿಸಿರಲ್ಲ.

ಸ್ಟೋನ್‌ಹೆಂಜ್ ವಿಷಯದಲ್ಲಿ ತೀರ್ಮಾನ ಸ್ವಲ್ಪ ಕಷ್ಟ. ಲಂಡನ್‌ನಿಂದ ಸುಮಾರು 140 ಕಿಲೋಮೀಟರ್. ಕಲ್ಲುಗಳ ಬಳಿ ರೈಲು ನಿಲ್ದಾಣವಿಲ್ಲ. ವಾಟರ್‌ಲೂನಿಂದ ಸಾಲಿಸ್ಬರಿಗೆ ಒಂದೂವರೆ ಗಂಟೆ ರೈಲು, ಅಲ್ಲಿಂದ ಟೂರ್ ಬಸ್ಸು ಅರ್ಧ ಗಂಟೆಯ ಮೇಲೆ, ಆಮೇಲೆ ವಿಸಿಟರ್ ಸೆಂಟರ್‌ನಿಂದ ಕಲ್ಲುಗಳ ಹತ್ತಿರಕ್ಕೆ ಶಟಲ್. ಬರೀ ಕಲ್ಲು ನೋಡೋದೇ ಗುರಿಯಾದರೆ ಲಂಡನ್‌ನಿಂದ ನೇರ ಹೋಗುವ ಅರ್ಧ ದಿನದ ಬಸ್ಸೇ ಸುಲಭ. ಮೂರು ಕಡೆ ಹತ್ತಿ ಇಳಿಯೋ ಕಾಟವಿಲ್ಲ. ಆದರೆ ಸಾಲಿಸ್ಬರಿಗೆ ಹೋದವರಿಗೆ ಅಲ್ಲಿನ ಕೆಥೆಡ್ರಲ್ ಸಿಗುತ್ತದೆ. 123 ಮೀಟರ್ ಗೋಪುರ, ಬ್ರಿಟನ್ನಿನಲ್ಲೇ ಎತ್ತರದ ಚರ್ಚ್ ಗೋಪುರ. ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಮ್ಯಾಗ್ನಾ ಕಾರ್ಟಾ ಪತ್ರದ ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಒಂದು ಇಲ್ಲಿದೆ. ನಿಜ ಹೇಳಬೇಕೆಂದರೆ ನನಗೆ ಕಲ್ಲುಗಳಿಗಿಂತ ಈ ಕೆಥೆಡ್ರಲ್ಲೇ ಜಾಸ್ತಿ ಹಿಡಿಸಿತು. ಕಲ್ಲುಗಳು ನಾಲ್ಕೂವರೆ ಸಾವಿರ ವರ್ಷ ಹಳೆಯವು, ಸರಿ. ಆದರೆ ಸಾಮಾನ್ಯ ಟಿಕೆಟ್ಟಿನಲ್ಲಿ ಹಗ್ಗದ ಈಚೆಯಿಂದಲೇ ನೋಡಬೇಕು. ಕಲ್ಲುಗಳ ನಡುವೆ ನಿಲ್ಲಬೇಕಾದರೆ ಬೆಳಗಿನ ಜಾವ ಅಥವಾ ಸಂಜೆಯ ವಿಶೇಷ ಟಿಕೆಟ್ ಮೊದಲೇ ಮಾಡಿಸಬೇಕು.

ಬಾತ್‌ಗೆ ರೈಲೇ ಸರಿ, ಬಸ್ ಅಲ್ಲ. ಪ್ಯಾಡಿಂಗ್ಟನ್‌ನಿಂದ ಒಂದೂವರೆ ಗಂಟೆಯೊಳಗೆ ಮುಟ್ಟಿಸುತ್ತದೆ, ಬಸ್ಸಿಗೆ ಅದರ ಎರಡು ಪಟ್ಟು ಹೊತ್ತು. ನಿಲ್ದಾಣದಿಂದ ಎಲ್ಲವೂ ನಡೆಯುವಷ್ಟೇ ದೂರ. ರೋಮನ್ನರು ಕಟ್ಟಿದ ಸ್ನಾನದ ಕೊಳಕ್ಕೆ ಈಗಲೂ ನೆಲದಿಂದ 46 ಡಿಗ್ರಿಯ ಬಿಸಿನೀರು ಬರುತ್ತದೆ. ಅಲ್ಲಿ ಸ್ನಾನ ಮಾಡೋಕೆ ಬಿಡಲ್ಲ. ಅದೇ ಬಿಸಿನೀರಲ್ಲಿ ಇಳಿಯೋ ಆಸೆಯಿದ್ದರೆ ಪಕ್ಕದಲ್ಲೇ ಆಧುನಿಕ ಸ್ಪಾ ಇದೆ.

ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೂ ಲಂಡನ್‌ನಿಂದ ಒಂದು ಗಂಟೆಯ ರೈಲು. ಎರಡರಲ್ಲಿ ಒಂದು ಸಾಕು. ಒಳಗೆ ಹೋಗಿ ನೋಡುವ ಕಟ್ಟಡಗಳು, ಮ್ಯೂಸಿಯಂ ಬೇಕಿದ್ದರೆ ಆಕ್ಸ್‌ಫರ್ಡ್. ನಿಲ್ದಾಣವೂ ಊರಿಗೆ ಹತ್ತಿರ. ನದಿ, ಹುಲ್ಲು, ಉದ್ದ ಕೋಲಿನಿಂದ ನೂಕುವ ಪಂಟ್ ದೋಣಿ, ನೆಮ್ಮದಿ ಬೇಕಿದ್ದರೆ ಕೇಂಬ್ರಿಜ್. ಅಲ್ಲಿನ ನಿಲ್ದಾಣ ಊರ ನಡುವಿನಿಂದ ಎರಡು ಕಿಲೋಮೀಟರ್ ಆಗುತ್ತದೆ, ಬಸ್ ಹಿಡಿಯಿರಿ. ಗಣಿತ ಇಷ್ಟಪಡುವ ಮಕ್ಕಳಿದ್ದರೆ ಕೇಂಬ್ರಿಜ್‌ಗೇ ಕರೆದುಕೊಂಡು ಹೋಗಿ. ಟ್ರಿನಿಟಿ ಕಾಲೇಜು ನ್ಯೂಟನ್ ಇದ್ದ ಜಾಗ, 1914ರಿಂದ 1919ರವರೆಗೆ ರಾಮಾನುಜನ್ ಇದ್ದ ಜಾಗ. ಪರೀಕ್ಷೆಯ ತಿಂಗಳುಗಳಾದ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಹಲವು ಕಾಲೇಜುಗಳು ಹೊರಗಿನವರನ್ನು ಒಳಗೆ ಬಿಡಲ್ಲ.

ಸಮುದ್ರ ಅಂದರೆ ಬ್ರೈಟನ್, ವಿಕ್ಟೋರಿಯಾದಿಂದ ಒಂದು ಗಂಟೆ. ಮರಳಿಲ್ಲ, ಬರೀ ಬೆಣಚುಕಲ್ಲು. ಚಪ್ಪಲಿ ಬಿಡದೆ ನಡೆಯಿರಿ. ಊರ ನಡುವೆ ಮೊಗಲರ ಅರಮನೆಯಂಥ ಗುಮ್ಮಟಗಳಿರುವ ರಾಯಲ್ ಪೆವಿಲಿಯನ್ ಇದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ ಇದನ್ನೇ ಆಸ್ಪತ್ರೆ ಮಾಡಿದ್ದರು. ಟೂರ್ ಕಂಪನಿಗಳು ಬ್ರೈಟನ್ ಅನ್ನು ಅಷ್ಟಾಗಿ ಮಾರಲ್ಲ, ಯಾಕೆಂದರೆ ಅದಕ್ಕೆ ಟೂರ್ ಬೇಕಾಗೇ ಇಲ್ಲ.

ರೈಲಿನ ದುಡ್ಡು

ಇಲ್ಲಿನ ರೈಲು ದುಬಾರಿ, ಅದರಲ್ಲೂ ವಾರದ ದಿನ ಬೆಳಗ್ಗೆ. ಒಂಬತ್ತೂವರೆಯ ಮೇಲೆ ಹೊರಟರೆ ಸಾಮಾನ್ಯವಾಗಿ ಆಫ್-ಪೀಕ್, ಅಂದರೆ ಗದ್ದಲವಿಲ್ಲದ ಹೊತ್ತಿನ ಕಡಿಮೆ ದರ. ಶನಿವಾರ, ಭಾನುವಾರ ಇಡೀ ದಿನ ಅದೇ. ಮೂರರಿಂದ ಒಂಬತ್ತು ಜನ ದೊಡ್ಡವರು ಒಟ್ಟಿಗೆ ಹೋಗುವುದಾದರೆ ಗ್ರೂಪ್‌ಸೇವ್ ಅಂತ ಕೇಳಿ. ಬಹುತೇಕ ರೈಲು ಕಂಪನಿಗಳು ಆಫ್-ಪೀಕ್ ಟಿಕೆಟ್ಟಿನ ಮೂರನೇ ಒಂದು ಭಾಗ ಬಿಡುತ್ತವೆ. ಅಪ್ಪ, ಅಮ್ಮ, ನೀವು ಅಂದರೆ ಮೂರಾಯ್ತಲ್ಲ, ಇದನ್ನು ತಪ್ಪಿಸಿಕೊಳ್ಳಬೇಡಿ. ಭಾನುವಾರ ಹಳಿ ರಿಪೇರಿ ಜಾಸ್ತಿ, ರೈಲಿನ ಬದಲು ಬಸ್ ಹತ್ತಿಸುತ್ತಾರೆ. ಹಿಂದಿನ ರಾತ್ರಿ ಒಮ್ಮೆ ವೇಳಾಪಟ್ಟಿ ನೋಡಿಕೊಳ್ಳಿ.

ಒಬ್ಬರೇ ಬಂದವರಿಗೆ, ಕೊನೇ ಗಳಿಗೆಯಲ್ಲಿ ಟಿಕೆಟ್ ತೆಗೆಯುವವರಿಗೆ ಬಸ್ ಟೂರ್ ಅಗ್ಗ ಬೀಳೋದೂ ಉಂಟು. ಆಕ್ಸ್‌ಫರ್ಡ್‌ಗೆ ವಿಕ್ಟೋರಿಯಾ ಕಡೆಯಿಂದ ಮಾಮೂಲಿ ಕೋಚ್ ಬಸ್ಸು ಹಗಲು ರಾತ್ರಿ ಓಡುತ್ತದೆ, ರೈಲಿಗಿಂತ ಅಗ್ಗ.

ಹಗಲೆಷ್ಟಿದೆ ನೋಡಿ

ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗಿರುತ್ತಾನೆ. ಜೂನ್‌ನಲ್ಲಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಒಂದೇ ಟೂರ್, ಒಂದೇ ದರ, ಆದರೆ ಚಳಿಗಾಲದಲ್ಲಿ ಮೂರನೇ ಊರನ್ನು ಕತ್ತಲಲ್ಲಿ ನೋಡುತ್ತೀರಿ. ನವೆಂಬರ್‌ನಿಂದ ಜನವರಿಯವರೆಗೆ ಬಂದವರು ಊರಾಚೆಗೆ ವಿಂಡ್ಸರ್‌ನಷ್ಟು ದೂರ ಮಾತ್ರ ಇಟ್ಟುಕೊಂಡು, ಉಳಿದ ದಿನ ಮ್ಯೂಸಿಯಂ ನೋಡೋದು ಒಳ್ಳೆಯದು. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ ಎಲ್ಲ ಪುಕ್ಕಟೆ. ಡಿಸೆಂಬರ್ 25ರಂದು ಬಸ್, ಟ್ಯೂಬ್, ರೈಲು ಯಾವುದೂ ಇಲ್ಲ. ಆ ದಿನಕ್ಕೆ ಏನೂ ಇಟ್ಟುಕೊಳ್ಳಬೇಡಿ.

ಭಾನುವಾರ ಸೇಂಟ್ ಪಾಲ್ಸ್, ವೆಸ್ಟ್‌ಮಿನ್‌ಸ್ಟರ್ ಅಬ್ಬಿ ಎರಡರಲ್ಲೂ ಪ್ರಾರ್ಥನೆಗಷ್ಟೇ ಪ್ರವೇಶ. ಬಕಿಂಗ್‌ಹ್ಯಾಮ್ ಅರಮನೆಯ ಕಾವಲು ಬದಲಾವಣೆ ಸಾಮಾನ್ಯವಾಗಿ ಸೋಮವಾರ, ಬುಧವಾರ, ಶುಕ್ರವಾರ, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ. ಗುಂಪಿನಲ್ಲಿ ತಲೆಗಳೇ ಕಾಣೋದು ಜಾಸ್ತಿ. ಅದಕ್ಕಿಂತ ಹಾರ್ಸ್ ಗಾರ್ಡ್ಸ್‌ನಲ್ಲಿ ಕುದುರೆ ಸವಾರರ ಬದಲಾವಣೆ ನೋಡಿ. ದಿನವೂ ಇರುತ್ತದೆ, ಹನ್ನೊಂದಕ್ಕೆ, ಭಾನುವಾರ ಮಾತ್ರ ಹತ್ತಕ್ಕೆ. ಹತ್ತಿರದಿಂದ ಕಾಣುತ್ತದೆ.

ಇನ್ನು 'ಲಂಡನ್‌ನಿಂದ ಪ್ಯಾರಿಸ್ ಒಂದು ದಿನದಲ್ಲಿ' ಅನ್ನೋ ಟೂರ್. ಯೂರೋಸ್ಟಾರ್ ರೈಲು ಎರಡೂಕಾಲು ಗಂಟೆ ಚಿಲ್ಲರೆ, ನಿಜ. ಅದಕ್ಕೆ ಮುಂಚಿನ ಪಾಸ್‌ಪೋರ್ಟ್ ತಪಾಸಣೆಯ ಸಾಲನ್ನೂ ಸೇರಿಸಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ ವೀಸಾ ಅಲ್ಲಿ ನಡೆಯಲ್ಲ. ಷೆಂಗೆನ್ ವೀಸಾ ಬೇರೆ ಬೇಕು, ಅದನ್ನು ಊರಿನಿಂದ ಹೊರಡುವ ಮುಂಚೆಯೇ ಮಾಡಿಸಿಕೊಂಡು ಬರೋದು ಸುಲಭ. ಎಡಿನ್‌ಬರಾಗೆ ವೀಸಾ ತಂಟೆಯಿಲ್ಲ, ಆದರೆ ರೈಲಿನಲ್ಲಿ ಒಂದು ಕಡೆಗೇ ನಾಲ್ಕೂವರೆ ಗಂಟೆ. ಅಲ್ಲಿ ರಾತ್ರಿ ಉಳಿಯುವುದಾದರೆ ಮಾತ್ರ ಹೊರಡಿ.